ಗೃಹಧರ್ಮ: ಪಡಸಾಲೆಯಲ್ಲಿ ಎಲ್ಲರಿಗೂ ಸ್ಥಳ



ಮನೆಯನ್ನು ಕಟ್ಟುವುದು ಗೌಂಡಿ, ಬಡಿಗರ ಕಾಯಕ. ಕಟ್ಟಿದ ಮನೆಯಲ್ಲಿ ಎಲ್ಲರೂ ಒಂದಾಗಿ ಬಾಳುವಂತೆ ಮಾಡುವುದು ಮನೆಯವರ ಕಾಯಕ. ಮೊದಲನೆಯದು ವರುಷದೊಳಗೆ ಮುಗಿದೀತು. ಎರಡನೆಯದು ನಿತ್ಯವೂ ನಡೆಯುತ್ತಿರಬೇಕಾದುದು.

ಹುಕ್ಕೇರಿ ತಾಲೂಕಿನ ಕಣಗಲಾದಿಂದ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಹಳೆಯ ಮನೆಯನ್ನು ತೆಗೆದು ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. 16 ಅಡಿ ಅಗಲ, 26 ಅಡಿ ಉದ್ದದ ದೊಡ್ಡ ಪಡಸಾಲೆ. ಮನೆಯಲ್ಲಿ ಹನ್ನೊಂದು ಜನ. ಗೋಡೆಗುಂಟ ಸೋಫಾ, ದಿವಾನ, ಕುರ್ಚಿಗಳನ್ನು ಇರಿಸಿದ್ದಾರೆ. “ಇಷ್ಟೆಲ್ಲ ಇದ್ದರೂ ನಮ್ಮ ಮಾವನವರು ಊಟವಾದ ಮೇಲೆ ಹೊರಗಿನ ಕಟ್ಟೆಗೆ ಹೋಗಿ ಕುಳಿತುಬಿಡುತ್ತಾರೆ. ಸಾಮಾನುಗಳನ್ನು ಹೇಗೆ ಜೋಡಿಸಿದರೆ ಪಡಸಾಲೆ ಚೆಂದ ಕಾಣುತ್ತದೆ?” ಎಂಬುದು ಅವರ ಪ್ರಶ್ನೆ. ಸಹೋದರಿ ಕೇಳಿದ್ದು ಚೆಂದದ ಮಾತು. ಹೇಳಿದ್ದು ಹಿರಿಯರ ಮಾತು. ಎರಡಕ್ಕೂ ಉತ್ತರ ಒಂದೇ ಎಂಬುದು ನಮ್ಮ ಅಭಿಪ್ರಾಯ. ಇಂಥ ಮನೆಗಳು ಈಗ ಊರೂರಿಗೆ ಇರುವುದರಿಂದ ಆ ಉತ್ತರವನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಭಾಗದ ಹಳೆಯ ಒಕ್ಕಲುಮನೆಯನ್ನು ನೆನಪಿಗೆ ತಂದುಕೊಳ್ಳಿರಿ. ತಲೆಬಾಗಿಲು ದಾಟಿದರೆ ತಗ್ಗಿನಲ್ಲಿ ದನಗಳು, ಗೋದಲಿ, ಅದಕ್ಕಿಂತ ಎತ್ತರದಲ್ಲಿ ಕಂಬ, ತೊಲೆ, ಜಂತಿಗಳ ಪಡಸಾಲೆ, ಮೇಲೆ ಬೆಳಕಿಂಡಿ. ಆ ಪಡಸಾಲೆಯಲ್ಲಿ ಸಾಮಾನು ಬಹಳ ಕಡಿಮೆ. ದೀಪಕ್ಕೂ ಪುಸ್ತಕಕ್ಕೂ ಗೋಡೆಯಲ್ಲಿಯೇ ಗೂಡುಗಳು, ಬಟ್ಟೆಗೆ ಗೂಟಗಳು, ಕುಳಿತುಕೊಳ್ಳಲು ಕಂಬಳಿ ಇಲ್ಲವೇ ಜಮಖಾನೆ, ಅನುಕೂಲಸ್ಥರ ಮನೆಯಲ್ಲಿ ಒಂದು ತೂಗುಮಂಚ. ಜನ ಬಂದರೆ ಹಾಸುವುದು, ಹೋದರೆ ಸುತ್ತಿಡುವುದು. ಹಗಲು ಬೈಠಕು, ಮಧ್ಯಾಹ್ನ ಪಂಕ್ತಿ, ರಾತ್ರಿ ಹಾಸಿಗೆ, ಸುಗ್ಗಿಯಲ್ಲಿ ಜೋಳ, ಶೇಂಗಾ ಚೀಲಗಳ ಸಾಲು: ಒಂದೇ ಸ್ಥಳ ಎಲ್ಲಕ್ಕೂ ಆಗುತ್ತಿತ್ತು. ಹಿರಿಯರು ಕಂಬಕ್ಕೆ ಒರಗಿ ಕುಳಿತರೆ ಬಾಗಿಲಿಗೆ ಬಂದವರೂ ಕಾಣುತ್ತಿದ್ದರು, ಅಡುಗೆಮನೆಯ ಮಾತೂ ಕೇಳುತ್ತಿತ್ತು. ನಾವು ಹಳೆಯದನ್ನೆಲ್ಲ ಹೊಗಳುತ್ತಿಲ್ಲ. ಅಲ್ಲಿ ಹೊಗೆಯೂ ಇತ್ತು, ಕತ್ತಲೆಯೂ ಇತ್ತು. ಸೊಸೆಯಂದಿರು ಪಡಸಾಲೆಗೆ ಬಂದು ಕುಳಿತುಕೊಳ್ಳುವ ರೂಢಿಯೂ ಇರಲಿಲ್ಲ.

ಬಳಿಕ ಎರಡು ವಸ್ತುಗಳು ಬಂದವು. ಒಂದು ಸೋಫಾ. ಈ ಶಬ್ದದ ಮೂಲ ಅರಬ್ಬಿಯ ‘ಸುಫ್ಫಾ’. ಹಾಸು ಹಾಸಿದ ಎತ್ತರದ ಕಟ್ಟೆಗೆ ಆ ಹೆಸರಿತ್ತು. ತುರ್ಕರ ಮೂಲಕ ಅದು ಯುರೋಪಿಗೆ ಹೋಗಿ, ಕಾಲುಳ್ಳ ಆಸನವಾಗಿ ಜಗತ್ತಿಗೆಲ್ಲ ಹಬ್ಬಿತು. ಮೂಲದಲ್ಲಿ ಅದು ನಮ್ಮ ಕಟ್ಟೆಯ ಬಂಧುವೇ ಆಗಿದ್ದರೂ ಕಂಬಳಿಯಂತೆ ಸುತ್ತಿಡಲು ಬರುವುದಿಲ್ಲ. ಒಮ್ಮೆ ಇಟ್ಟರೆ ಇಟ್ಟಲ್ಲಿಯೇ ಉಳಿಯುತ್ತದೆ. ಇನ್ನೊಂದು ಟಿ.ವಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪನೆಯಾಗಿ ಈ ತಾಲೂಕಿನ ಹಳ್ಳಿಗಳಿಗೆ ದೀಪ ಕೊಟ್ಟಿತು. 1987-88ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ಟಿ.ವಿ. ಇದ್ದವರ ಪಡಸಾಲೆಯಲ್ಲಿ ಓಣಿಯ ಜನವೆಲ್ಲ ನೆಲದ ಮೇಲೆ ಒತ್ತಿ ಕುಳಿತು ನೋಡುತ್ತಿದ್ದರು. ಅಂದು ಟಿ.ವಿ. ಜನರನ್ನು ಕೂಡಿಸಿತು. ಇಂದು ಮನೆಮನೆಗೆ ಟಿ.ವಿ. ಬಂದಿದೆ, ಕೈಕೈಗೆ ಮೊಬೈಲ್ ಬಂದಿದೆ. ಆದರೂ ಪಡಸಾಲೆಯ ಆಸನಗಳೆಲ್ಲ ಟಿ.ವಿ.ಯ ಕಡೆಗೇ ಮುಖ ಮಾಡಿ ನಿಂತಿವೆ. ಬಸ್ಸಿನಲ್ಲಿ ಕುಳಿತವರಂತೆ ಒಂದೇ ದಿಕ್ಕಿಗೆ ನೋಡುತ್ತ ಕುಳಿತವರ ನಡುವೆ ಮಾತು ಹುಟ್ಟುವುದು ಹೇಗೆ?

‘ಪೀಠೋಪಕರಣ’ ಎಂಬ ಶಬ್ದದಲ್ಲಿಯೇ ನಮಗೊಂದು ಪಾಠವಿದೆ. ಪೀಠವೆಂದರೆ ಒಬ್ಬರು ಕುಳಿತುಕೊಳ್ಳುವ ಸ್ಥಾನ. ಉಪಕರಣವೆಂದರೆ ನೆರವಾಗುವ ಸಾಧನ. ವ್ಯಕ್ತಿ ಮೊದಲು, ವಸ್ತು ಬಳಿಕ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನಾವು ಇಂದಿಗೂ ಸ್ಮರಿಸುವುದು ಅಲ್ಲಿನ ಕಂಬಗಳ ಅಂದಕ್ಕಾಗಿ ಅಲ್ಲ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಅಕ್ಕಮಹಾದೇವಿಯವರು ಮುಂತಾದ ಶರಣ ಶರಣೆಯರಿಗೆಲ್ಲ ಅಲ್ಲಿ ಕುಳಿತು ಮಾತನಾಡುವ ಸ್ಥಾನವಿತ್ತೆಂಬುದಕ್ಕಾಗಿ. ಮನೆಯ ಪಡಸಾಲೆಗೂ ಇದೇ ಅಳತೆಗೋಲು ಸಾಕು. ಆದ್ದರಿಂದ ಸಾಮಾನುಗಳನ್ನು ಎಣಿಸುವ ಮೊದಲು ಜನರನ್ನು ಎಣಿಸಿರಿ. ಸಂಜೆಯ ಹೊತ್ತು ಯಾರು ಎಲ್ಲಿ ಕುಳಿತಿದ್ದಾರೆ, ಯಾರು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತು ಕೇಳುತ್ತಿದ್ದಾರೆ, ಯಾರು ಎದ್ದು ಹೊರಗೆ ಹೋಗುತ್ತಾರೆ ಎಂಬುದನ್ನು ನಾಲ್ಕು ದಿನ ಗಮನಿಸಿರಿ. ಯಾರಿಗೆ ಸ್ಥಳವಿಲ್ಲವೋ ಅವರಿಂದಲೇ ಜೋಡಣೆ ಆರಂಭವಾಗಬೇಕು.

ಇನ್ನು ಲೆಕ್ಕದ ಮಾತು. ಸೋಫಾದ ಆಳ ಸುಮಾರು ಎರಡೂವರೆ ಅಡಿ. 16 ಅಡಿಯ ಅಗಲದಲ್ಲಿ ಎರಡೂ ಗೋಡೆಗೆ ಸೋಫಾ ಒತ್ತಿಟ್ಟರೆ ನಡುವೆ 11 ಅಡಿ ಉಳಿಯುತ್ತದೆ. ಉದ್ದಕ್ಕೆ ಎದುರುಬದುರು ಇಟ್ಟರೆ 21 ಅಡಿ. ಮನೆಯ ಮಾತು ಮೆಲ್ಲನೆಯ ದನಿಯಲ್ಲಿ ಸಾಗಬೇಕಾದರೆ ಎದುರುಬದುರಾದ ಆಸನಗಳ ನಡುವೆ 8 ಅಡಿಗಿಂತ ಹೆಚ್ಚು ಅಂತರವಿರಬಾರದು. ಕಿವಿ ಮಂದವಾದ ಹಿರಿಯರಿಗೆ ಇನ್ನೂ ಹತ್ತಿರ ಬೇಕು. ಕಟ್ಟೆಗೆ ಹೋಗಿ ಕುಳಿತುಕೊಳ್ಳುವ ಹಿರಿಯರಲ್ಲಿ ಹಲವರಿಗೆ ಮುನಿಸೇನೂ ಇರುವುದಿಲ್ಲ. ಒಳಗಿನ ಮಾತು ಅವರಿಗೆ ಕೇಳುವುದಿಲ್ಲ, ಅಷ್ಟೇ. ಕಟ್ಟೆಯ ಮೇಲೆ ಮಾತನಾಡಿಸುವವರು ಪಕ್ಕದಲ್ಲಿಯೇ ಕುಳಿತಿರುತ್ತಾರೆ.

ಸೋಫಾ ಗೋಡೆಗೆ ಅಂಟಿಕೊಂಡೇ ಇರಬೇಕೆಂಬ ನಿಯಮವಿಲ್ಲ. ತಲೆಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿಯನ್ನು ಒಂದು ಗೋಡೆಯ ಬದಿಗೆ 3 ಅಡಿ ಅಗಲ ಬಿಡಿರಿ. ಆ ದಾರಿಗೆ ಬೆನ್ನು ಮಾಡಿ ಒಂದು ಸೋಫಾ, 8 ಅಡಿ ಬಿಟ್ಟು ಎದುರಿನ ಗೋಡೆಗೆ ಇನ್ನೊಂದು ಸೋಫಾ ಅಥವಾ ದಿವಾನ ಇಟ್ಟರೆ 16 ಅಡಿಯ ಲೆಕ್ಕ ಸರಿಹೋಗುತ್ತದೆ. ಮಾತನಾಡುವವರ ನಡುವೆ ಹಾಯ್ದು ಹೋಗುವುದು ತಪ್ಪುತ್ತದೆ. ಮುಂದೆ ಮನೆಯಲ್ಲಿ ಗಾಲಿಕುರ್ಚಿ ಬೇಕಾದರೂ ಆ ದಾರಿ ಸಾಕಾಗುತ್ತದೆ. 26 ಅಡಿಯ ಉದ್ದವನ್ನು ಒಂದೇ ಬೈಠಕು ಎಂದು ಭಾವಿಸದೆ, ಬಾಗಿಲ ಬಳಿ ಬಂದುಹೋಗುವವರಿಗೆ ಮೂರು ನಾಲ್ಕು ಕುರ್ಚಿ, ಒಳಭಾಗದಲ್ಲಿ ಮನೆಯವರ ಬೈಠಕು, ನಡುವೆ ಬರಿಯ ನೆಲ ಎಂದು ವಿಂಗಡಿಸಿರಿ. ಅಡುಗೆಮನೆಯ ಬಾಗಿಲ ಸಮೀಪ ಒಂದು ಒಳ್ಳೆಯ ಆಸನ ಇರಲೇಬೇಕು. ಮನೆಯ ಹೆಣ್ಣುಮಕ್ಕಳು ಒಲೆಯ ಮೇಲೆ ಕಣ್ಣಿಟ್ಟು ಮಾತಿನಲ್ಲಿ ಪಾಲುಗೊಳ್ಳಲು ಅದು ಬೇಕು.

ಹಿರಿಯರ ಕುರ್ಚಿಯ ವಿಷಯದಲ್ಲಿ ಉಳಿತಾಯ ಬೇಡ. ಮೆತ್ತನೆಯ ಆಳವಾದ ಸೋಫಾದಲ್ಲಿ ಕುಳಿತ ಮೊಣಕಾಲು ನೋವಿನವರು ಇನ್ನೊಬ್ಬರ ಕೈ ಹಿಡಿಯದೆ ಏಳಲಾರರು. ಆ ಸಂಕೋಚಕ್ಕೆ ಅವರು ಕುಳಿತುಕೊಳ್ಳುವುದನ್ನೇ ಬಿಡುತ್ತಾರೆ. ನೆಲದಿಂದ 18 ಅಂಗುಲ ಎತ್ತರದ, ಗಟ್ಟಿ ಕೂಡುಹಲಗೆಯ, ಎರಡೂ ಕಡೆ ಕೈಯೂರಲು ಹಿಡಿಕೆಯುಳ್ಳ ಕಟ್ಟಿಗೆಯ ಕುರ್ಚಿಯನ್ನು ಊರ ಬಡಿಗರೇ ಮಾಡಿಕೊಟ್ಟಾರು. ಅದನ್ನು ಮೂಲೆಯಲ್ಲಿಡಬೇಡಿರಿ, ತಲೆಬಾಗಿಲೂ ಮೊಮ್ಮಕ್ಕಳೂ ಕಾಣುವಲ್ಲಿ ಇಡಿರಿ. ಅವರೆದುರು ಕುಳಿತುಕೊಳ್ಳುವವರ ಬೆನ್ನಿಗೆ ಕಿಟಕಿ ಬೇಡ. ಬೆನ್ನಿಗೆ ಬೆಳಕು ಬಿದ್ದರೆ ಮುಖ ಕಪ್ಪಾಗಿ ತುಟಿಗಳ ಚಲನೆ ಕಾಣುವುದಿಲ್ಲ. ಕಿವಿ ಮಂದವಾದವರು ಅರ್ಧ ಮಾತನ್ನು ಕಣ್ಣಿನಿಂದಲೇ ಕೇಳುತ್ತಾರೆ. ನುಣುಪಾದ ಫರಸಿಯ ಮೇಲೆ ಸರಿಯುವ ಚಾಪೆ ಹಾಸುವುದೂ ಅಪಾಯಕರ.

ಟಿ.ವಿ.ಯನ್ನು ಹೊರಗೆ ಹಾಕಿರಿ ಎಂದು ನಾವು ಹೇಳುವುದಿಲ್ಲ. ಎದುರುಬದುರಾದ ಎರಡು ಆಸನಗಳ ಸಾಲಿಗೆ ಪಕ್ಕದ ಗೋಡೆಯಲ್ಲಿ ಅದಿರಲಿ. ನೋಡುವವರು ಸ್ವಲ್ಪ ತಿರುಗಿ ನೋಡಲಿ, ಮಾತನಾಡುವವರು ಮಾತನಾಡಲಿ. 43 ಅಂಗುಲದ ಟಿ.ವಿ.ಗೆ 6ರಿಂದ 8 ಅಡಿ ದೂರ, ಕುಳಿತವರ ಕಣ್ಣಿನ ಮಟ್ಟದ ಎತ್ತರ ಸಾಕು. ಕಣಗಲಾದಲ್ಲಿ 1985ರಿಂದ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ ಇದೆ. ಈಗ ಅದರ ಹೆಸರು ಎಚ್.ಎಲ್.ಎಲ್. ಲೈಫ್‌ಕೇರ್. ಅಂಥ ಕಡೆ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರು ಮನೆಯಲ್ಲಿದ್ದರೆ, ಅವರ ಕೋಣೆಗೆ ಹೊಂದಿದ ಗೋಡೆಯನ್ನು ಟಿ.ವಿ.ಗೆ ಕೊಡದಿರುವುದೂ ಒಂದು ದಾಸೋಹವೇ.

ವಾಸ್ತುವಿನ ಬಗೆಗೂ ಕೆಲವರು ಕೇಳುತ್ತಾರೆ. ಬೆಳಕು, ಗಾಳಿ, ಮಳೆ ಈ ಮೂರರ ದಿಕ್ಕನ್ನು ನೋಡಿದರೆ ಸಾಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ನೈಋತ್ಯದ ಕಡೆಯಿಂದ ಬರುತ್ತದೆ. ಆ ಕಡೆಯ ಗೋಡೆ ತೇವ ಹಿಡಿಯುವುದರಿಂದ ಕಟ್ಟಿಗೆಯ ಕಪಾಟನ್ನು ಅಲ್ಲಿಡಬಾರದು; ಇಡಲೇಬೇಕಾದರೆ ಗೋಡೆಯಿಂದ ಮೂರು ಅಂಗುಲ ಬಿಟ್ಟು ಇಡಬೇಕು. ಗೆದ್ದಲು ಹತ್ತಿದರೆ ಬೇಗನೆ ಕಾಣುತ್ತದೆ.

ಎಲ್ಲವನ್ನೂ ಎತ್ತಿಡುವ ಮೊದಲು ನೆಲದ ಮೇಲೆ ರಂಗೋಲಿಯಿಂದ ಒಂದೊಂದು ಸಾಮಾನಿನ ಅಳತೆಯ ಚೌಕ ಬರೆದು ನೋಡಿರಿ. ಆ ಗೆರೆಗಳ ನಡುವೆ ಒಂದು ದಿನ ಓಡಾಡಿರಿ. ತಪ್ಪಿದರೆ ಕಸಬರಿಗೆ ಸಾಕು. ನಾಲ್ವರು ಸೋಫಾ ಹೊರಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರು ಇಬ್ಬರು ಎತ್ತಬಹುದಾದಷ್ಟು ಹಗುರಾದುದನ್ನು ಕೊಳ್ಳಿರಿ. ನಡುವಿನ ನೆಲಕ್ಕೆ ಒಂದು ಒಳ್ಳೆಯ ಜಮಖಾನೆ ಇರಲಿ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಪ್ರಸಾದದ ಪಂಕ್ತಿಯಲ್ಲಿ ಒಬ್ಬರಿಗೆ 2 ಅಡಿ ಸ್ಥಳ ಬೇಕು. 26 ಅಡಿಯ ಪಡಸಾಲೆಯಲ್ಲಿ ಒಂದು ಸಾಲಿಗೆ ಹನ್ನೆರಡು ಜನ ಕುಳಿತಾರು, ಸೋಫಾಗಳನ್ನು ಸರಿಸಲು ಬರುವಂತಿದ್ದರೆ ಮಾತ್ರ.

ಸರಿಸಲೇಬೇಕಾದ ದಿನವೊಂದು ಎಲ್ಲ ಮನೆಗೂ ಬರುತ್ತದೆ. ನಮ್ಮ ಸಂಪ್ರದಾಯದಲ್ಲಿ ಲಿಂಗೈಕ್ಯರಾದವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿ, ರಾತ್ರಿಯೆಲ್ಲ ಭಜನೆ ಮಾಡುತ್ತೇವೆ. ಅಂದು ಓಣಿಯ ಹುಡುಗರು ಬಂದು ಸೋಫಾ, ಮೇಜುಗಳನ್ನೆಲ್ಲ ಹೊತ್ತು ಅಂಗಳಕ್ಕೆ ಇಡುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಇದ್ದಾಗ ಒಂದು ಕುರ್ಚಿಯ ಸ್ಥಳ ಸಿಗದಿದ್ದ ಹಿರಿಯರಿಗೆ ಅಂದು ಇಡೀ ಪಡಸಾಲೆ ತೆರವಾಗುತ್ತದೆ. ಆ ಗೌರವದಲ್ಲಿ ಒಂದಂಶವನ್ನು ಅವರು ನಮ್ಮೊಡನೆ ಮಾತನಾಡಬಲ್ಲ ದಿನಗಳಲ್ಲಿಯೇ ಸಲ್ಲಿಸೋಣ. ಈ ತಿಂಗಳು ಒಂದು ಸಂಜೆ ನಿಮ್ಮ ಪಡಸಾಲೆಯಲ್ಲಿ ನಿಂತು, ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರವರ ಆಸನವನ್ನು ತೋರಿಸಿ ನೋಡಿರಿ. ತೋರಿಸಲಾಗದ ಹೆಸರು ಒಂದಿದ್ದರೆ, ಮರುದಿನದ ಕೆಲಸ ಅಲ್ಲಿಂದ ಆರಂಭವಾಗಲಿ.