ಬಯಲುಸೀಮೆಗೆ ಬಂದ ಕಡಲ ಹೂವು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ಇಂದು ಉಪ್ಪುನೀರಿನ ಜೀವಿಗಳವರೆಗೂ ಬೆಳೆದಿದೆ. ಬೆಂಗಳೂರಿನಲ್ಲಿ ಕೊಂಡ ಸೀ ಅನಿಮೋನ್, ಅರ್ಥಾತ್ ಕಡಲ ಹೂವು, ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿಕೊಂಡು ಬಡವನಹಳ್ಳಿಯಂತಹ ಊರನ್ನು ಸೇರಲು ಮೂರು ತಾಸು ಸಾಕು. ಹೂವೆಂಬುದು ಹೆಸರಿಗಷ್ಟೆ. ಇದು ಹವಳದ ಸಂಬಂಧಿಯಾದ ಪ್ರಾಣಿ. ಕುಟುಕುವ ಬಾಹುಗಳಿಂದ ಬೇಟೆಯಾಡುತ್ತದೆ.

ಇದರ ಆಯಸ್ಸು ಎಷ್ಟೆಂಬುದನ್ನು ಕೊಳ್ಳುವವರು ಯೋಚಿಸಿದಂತಿಲ್ಲ. ಸ್ಕಾಟ್ಲೆಂಡಿನ ಜಾನ್ ಡ್ಯಾಲಿಯೆಲ್ 1828ರಲ್ಲಿ ಕಡಲತೀರದಿಂದ ತಂದು ಎಡಿನ್‌ಬರೋದಲ್ಲಿ ಗಾಜಿನ ಪಾತ್ರೆಯಲ್ಲಿ ಸಾಕಿದ ಕಡಲ ಹೂವೊಂದು, 1851ರಲ್ಲಿ ಅವರು ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ 1887ರವರೆಗೆ ಬದುಕಿತ್ತು. ವಿದ್ಯುತ್ ಪಂಪು, ದೀಪಗಳಿಲ್ಲದ ಕಾಲವದು. ಆದರೆ ಅದು ಆ ತೀರದ ಬಂಡೆಗಳದೇ ಜಾತಿ. ಬದಲಿಸಲು ಸಮುದ್ರದ ನೀರೂ ಹತ್ತಿರದಲ್ಲೇ ಇತ್ತು.

ಆದ್ದರಿಂದ ಜಾತಿಯನ್ನು ಗುರುತಿಸುವುದೇ ಮೊದಲ ಕೆಲಸ. ಬಾಹುಗಳ ತುದಿ ಗುಳ್ಳೆಯಂತೆ ಉಬ್ಬಿ, ಬುಡವನ್ನು ಬಂಡೆಯ ಬಿರುಕಿನಲ್ಲಿ ಅಡಗಿಸಿಕೊಳ್ಳುವುದು ಬಬಲ್ ಟಿಪ್. ಇದು ತೊಟ್ಟಿಯಲ್ಲಿಯೇ ಸೀಳಿಕೊಂಡು ಎರಡಾಗಬಲ್ಲದು; ಕಡಲಿನಿಂದ ಕಿತ್ತು ತರಲೇಬೇಕೆಂದಿಲ್ಲ. ಗಿಡ್ಡ, ಅಂಟುವ ಬಾಹುಗಳನ್ನು ಕಂಬಳಿಯಂತೆ ಹರಡಿ ಮರಳಿನಲ್ಲಿ ಹುದುಗುವುದು ಹ್ಯಾಡೋನಿ. ಎತ್ತರದ ಬಂಡೆಯನ್ನೇರಿ, ಬಣ್ಣದ ಕಾಂಡ ತೋರುತ್ತ ನಿಲ್ಲುವುದು ಮ್ಯಾಗ್ನಿಫಿಕಾ. ಬಲವಾದ ಬೆಳಕು, ನೀರಿನ ಸೆಳೆತ ಎರಡೂ ಬೇಕಾದ ಇದನ್ನು ಮನೆಯಲ್ಲಿ ಉಳಿಸುವುದು ಬಲು ಕಷ್ಟ. ಕಲ್ಲಿನೊಡನೆ ಕರೆಯದೆ ಬರುವ ಪುಟ್ಟ ಕಂದು ಐಪ್ಟೇಸಿಯಾವಂತೂ ಜೇಕಿನ ಗಡ್ಡೆಯಂತಹುದು. ಕಿತ್ತಷ್ಟೂ ಚೂರಿನಿಂದ ಚಿಗುರುತ್ತದೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗೆ ಮಿಂಚುವ ಕಡಲ ಹೂವಿಗೆ ಮರುಳಾಗಬಾರದು. ಮೈಯೊಳಗಿದ್ದು ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡದ್ದರ ಲಕ್ಷಣವದು. ಕಡುಹಳದಿಯಾಗಿದ್ದರೆ ಬಣ್ಣದಲ್ಲಿ ಅದ್ದಿರುವ ಸಂಶಯವೂ ಇರಲಿ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಇದಕ್ಕೆ ವಿಷ. ಮೈಲುತುತ್ತು ಕಲಸಿದ ಬಕೆಟ್ಟನ್ನು ತೊಟ್ಟಿಯ ಬಳಿಗೂ ತರಕೂಡದು.

ಇನ್ನು ನೀರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್‌ಗೆ ಅಂಜಿ ಜನ ಶುದ್ಧೀಕರಣ ಘಟಕದ ಮುಂದೆ ಕೊಡ ಹಿಡಿದು ನಿಂತದ್ದುಂಟು. ಕಡಲ ಹೂವಿಗೂ ಕೊಳವೆಬಾವಿಯ ನೀರು ಒಗ್ಗದು, ಅದೇ ಶುದ್ಧ ನೀರು ಬೇಕು. ಮನೆಯ ಆರ್‌ಒ ಯಂತ್ರವಾದರೋ ಒಂದು ಕೊಡ ಕೊಟ್ಟು ಎರಡು ಮೂರು ಕೊಡ ಹೊರಚೆಲ್ಲುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ 200 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ 20 ಲೀಟರು ಬದಲಿಸಿದರೆ 700 ಗ್ರಾಂ ಉಪ್ಪು ಹೊರಬರುತ್ತದೆ. ವರ್ಷಕ್ಕೆ 36 ಕಿಲೋ. ತೆಂಗು ಉಪ್ಪನ್ನು ತಾಳುತ್ತದೆಂದು ಅದರ ಬುಡಕ್ಕೆ ಸುರಿಯುವವರು, ತೊಳೆದುಹೋಗುವಷ್ಟು ಮಳೆ ಈ ಸೀಮೆಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ಸೋಡಿಯಂ ಸೇರಿದ ಜೇಡಿ ಮಣ್ಣು ನೀರಿಂಗದೆ ಬಿಗಿಯುತ್ತದೆ. ಕೆರೆಯ ಪಾತ್ರ, ಬಾವಿಯ ಅಂಚುಗಳ ಮಾತಂತೂ ಎತ್ತುವಂತಿಲ್ಲ.

ಕಡಲ ಹೂವಿನ ನಡುವೆ ಆಡುವ ಕ್ಲೌನ್ ಮೀನಿನ ಆಸೆಯಷ್ಟೇ ಇದ್ದವರಿಗೆ ಬೇರೆ ದಾರಿಯುಂಟು. ಈ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹಾಗೆ ಹುಟ್ಟಿದ ಮೀನು ಕಡಲ ಹೂವಿಲ್ಲದೆಯೂ ತೊಟ್ಟಿಯಲ್ಲಿ ಸುಖವಾಗಿರಬಲ್ಲದು.