ಗಣೆಯ ನಾದವೂ ಸಂಕಲನದ ಕತ್ತರಿಯೂ

ಶಿರಾ ಸೀಮೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕಥೆಯನ್ನು ಹಾಡುವವರು ಗಣೆಯೆಂಬ ನೀಳವಾದ ಬಿದಿರಿನ ಕೊಳಲನ್ನು ನುಡಿಸುವರು. ಇಂತಹ ವಾದನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ವಿಡಿಯೋ ತಂತ್ರಾಂಶದಿಂದ ಸಂಕಲಿಸುವುದು ಇಂದು ವಿದ್ಯಾರ್ಥಿಗಳಿಗೂ ಸಾಧ್ಯ. ಇದು ಸಂತೋಷದ ಸಂಗತಿಯೇ ಸರಿ. ಆದರೆ ತಂತ್ರಾಂಶವು ತಿದ್ದಬಲ್ಲುದನ್ನೆಲ್ಲ ನಾವು ತಿದ್ದಲೇಬೇಕೆ?

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ವಾದಕನಿಂದ 34 ಮೀಟರು ದೂರ ನಿಂತು ಚಿತ್ರಿಸಿದರೆ, ನಾದವು ಬೆರಳಿನ ಚಲನೆಗಿಂತ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗುವುದು. ಸೆಕೆಂಡಿಗೆ 25 ಚಿತ್ರಗಳುಳ್ಳ ವಿಡಿಯೋದಲ್ಲಿ ಇದು ಎರಡೂವರೆ ಚಿತ್ರಗಳ ಅಂತರ. ಈ ದೋಷವನ್ನು ಅಗತ್ಯವಾಗಿ ತಿದ್ದತಕ್ಕದ್ದು.

ಗದ್ದಲ ನಿವಾರಣೆಯ ವಿಷಯ ಬೇರೆ. ಕೊಳಲಿನ ಸ್ವರಕ್ಕೆ ನಿಶ್ಚಿತವಾದ ಕಂಪನಸಂಖ್ಯೆಗಳುಂಟು. ಊದುವ ಉಸಿರಿನ ಸದ್ದಾದರೋ ಎಲೆಗಳ ಮರ್ಮರದಂತೆ ಅನೇಕ ಕಂಪನಸಂಖ್ಯೆಗಳಲ್ಲಿ ಹರಡಿರುತ್ತದೆ. ಆದುದರಿಂದ ತಂತ್ರಾಂಶವು ಅದನ್ನೂ ಗದ್ದಲವೆಂದೆಣಿಸಿ ಅಳಿಸಿಬಿಡಬಹುದು. ಉಳಿದ ಸ್ವರ ಶುಭ್ರವಾಗಿದ್ದೀತು. ಗಣೆಯದೆಂದು ಗುರುತಿಸುವುದು ಮಾತ್ರ ಕಷ್ಟವಾದೀತು.

ಮೂಲ ಮುದ್ರಣವನ್ನು ಅಳಿಸದೆ ಕಾಪಾಡಬೇಕು. ತಿದ್ದಿದ ಪ್ರತಿಯನ್ನು ಗಣೆ ನುಡಿಸಿದ ಹಿರಿಯರಿಗೆ ಮೊದಲು ಕೇಳಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಗದ್ದಲವಾವುದು, ನಾದವಾವುದು ಎಂಬುದನ್ನು ಅವರು ಬಲ್ಲರು.