ಹಿಟ್ಲರ್ ಬೇಕಂತೆ ಇವರಿಗೆ!

ಬಳ್ಳಾರಿಯ ಚಾದಂಗಡಿಯಲ್ಲಿ ಕೂತು ಹೇಳ್ತಾರೆ: ಈ ದೇಶಕ್ಕೊಬ್ಬ ಹಿಟ್ಲರ್ ಬೇಕು ಕಣ್ರೀ. ಸಿರುಗುಪ್ಪದ ಭತ್ತದ ಧಣಿಯೂ ಅದನ್ನೇ ಹೇಳ್ತಾನೆ. ಅವನಿಗೆ ಬೇಕೇ ಬೇಕು, ಬಿಡಿ. ಆದರೆ ಮೊನ್ನೆ ಕುರುಗೋಡಿನಲ್ಲಿ ನಮ್ಮವನೇ, ನಮ್ಮ ಜತೆ ತಮಟೆ ಬಡಿದವನೇ, ಗಾಜಾದ ಕೂಸುಗಳ ಫೋಟೋ ನೋಡಿ "ಹಿಟ್ಲರ್ ಇನ್ನೊಂದು ನಾಲ್ಕು ವರ್ಷ ಇರಬೇಕಿತ್ತು" ಅಂದ. ನಮ್ಮ ಎದೆ ಧಸಕ್ಕಂತು.

ಗಾಜಾದ ಕೂಸುಗಳಿಗಾಗಿ ನಾವೂ ಅತ್ತವರೇ. ಬಾಂಬು ಸುರಿದ ಸರ್ಕಾರವನ್ನು ಬಯ್ಯಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಸರ್ಕಾರದ ಪಾಪಕ್ಕೆ ಇಡೀ ಕುಲವನ್ನೇ ಸುಡಬೇಕು ಅನ್ನೋದು ಯಾರ ಮಾತು ಗೆಳೆಯರೆ? 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಜೀವಂತ ಸುಟ್ಟವರ ಮಾತಲ್ಲವೆ ಅದು?

1516ರಲ್ಲಿ ವೆನಿಸ್ ನಗರ ಯಹೂದಿಗಳನ್ನು ಒಂದು ಮೂಲೆಗೆ ತಳ್ಳಿ ರಾತ್ರಿ ಬಾಗಿಲು ಜಡಿಯಿತು. ಆ ಕೇರಿಯ ಹೆಸರು ಘೆಟ್ಟೊ. ಬಾಬಾಸಾಹೇಬರು ನಮ್ಮ ಬಗ್ಗೆ ಬರೆದ ಒಂದು ಪುಸ್ತಕದ ಹೆಸರಿನಲ್ಲೇ ಅದು ಐತೆ. ಅಸ್ಪೃಶ್ಯರು ಭಾರತದ ಘೆಟ್ಟೊದ ಮಕ್ಕಳು ಅಂತ. 1935ರ ನ್ಯೂರೆಂಬರ್ಗ್ ಕಾನೂನು ಯಹೂದಿಯರು ಜರ್ಮನ್ನರನ್ನು ಮದುವೆಯಾಗಕೂಡದು ಅಂತು. ರಕ್ತ ಮೈಲಿಗೆ ಆಗ್ತದಂತೆ! ಕೇರಿಯವರಿಗೆ ಇದೇನು ಹೊಸ ಕಾನೂನೆ? ಹತ್ತು ವರ್ಷದೊಳಗೆ 60 ಲಕ್ಷ ಯಹೂದಿಗಳ ಹೆಣ ಬಿತ್ತು.

ಮುಗಿದ ಕಥೆ ಅಂತೀರಾ? 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಯಹೂದಿ ಮಂದಿರದಲ್ಲಿ 11 ಜನ ಗುಂಡಿಗೆ ಬಿದ್ದರು. ಅಷ್ಟು ದೂರ ಯಾಕೆ, 2008ರ ನವೆಂಬರ್‌ನಲ್ಲಿ ಮುಂಬಯಿಯ ನಾರಿಮನ್ ಹೌಸ್‌ಗೆ ನುಗ್ಗಿದವರು ಯಹೂದಿ ಗುರುವನ್ನೂ ಅವನ ಹೆಂಡತಿಯನ್ನೂ ಬಂದ ಅತಿಥಿಗಳನ್ನೂ ಕೊಂದರು. ಎರಡು ವರ್ಷದ ಕೂಸನ್ನು ಎತ್ತಿಕೊಂಡು ಹೊರಗೋಡಿದ್ದು ಯಾರು? ಮನೆಯ ಆಯಾ, ಸಾಂಡ್ರಾ ಸ್ಯಾಮ್ಯುಯೆಲ್. ಆಕೆ ಕೂಸಿನ ಕುಲ ಕೇಳಲಿಲ್ಲ.

ಇವತ್ತು ಎಷ್ಟೋ ದೇಶಗಳಲ್ಲಿ ಯಹೂದಿಗಳು ಪೋಲೀಸರ ಕಾವಲಿನಲ್ಲೇ ಪ್ರಾರ್ಥನೆ ಮಾಡ್ತಾರೆ. ಕಾವಲು ಬೇಕು, ಬೇಡ ಅಂದೋರ್ಯಾರು? ನಾವೂ ಪೋಲೀಸರ ನಡುವೆ ಗುಡಿ ಹೊಕ್ಕ ಜನ. ಜೀಪು ತಿರುಗಿ ಹೋದ ರಾತ್ರಿ ಏನಾಗ್ತದೆ ಅಂತ ನಮ್ಮನ್ನು ಕೇಳಿ. ಚಾದಂಗಡಿಯ ಆ ಮಾತಿಗೆ ಅಲ್ಲೇ ಎದ್ದು ಉತ್ತರ ಕೊಡದಿದ್ದರೆ ಯಾವ ಲಾಠಿಯೂ ಯಾರನ್ನೂ ಕಾಯೋದಿಲ್ಲ.

ಮೇಷ್ಟ್ರುಗಳೆ, ಹಿಟ್ಲರನ ಪಾಠ ಬಂದಾಗ ಬರೀ ಇಸವಿ ಬರೆಸಿ ಮುಗಿಸಬೇಡಿ. ಆ ಗೆಳೆಯನನ್ನು ನಾವು ಬಿಟ್ಟುಕೊಟ್ಟಿಲ್ಲ. ಭಾನುವಾರದ ಸಭೆಗೆ ಕರೆದಿದ್ದೇವೆ. ಜಗಳ ಐತೆ.